ಜಿಲ್ಲೆ ಮುಟ್ಟಿದರೆ ಹೆಸರು ಬರಬೇಕು: ಎಸ್‌ವಿಜಿ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ತಿಂಗಳು ಎಸ್‌ವಿಜಿ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೊಸದಾಗಿ ಓದುವವರಿಗೆ ಒಂದು ಮಾತು: ಫೋಟೋ ಹಾಗೆ ಬಣ್ಣದ ಚುಕ್ಕಿಗಳಲ್ಲಿ ಅಲ್ಲದೆ, ಗೆರೆ ಮತ್ತು ಆಕಾರಗಳ ಲೆಕ್ಕದಲ್ಲಿ ಚಿತ್ರವನ್ನು ಬರೆದಿಡುವ ಕಡತವೇ ಎಸ್‌ವಿಜಿ. ಎಷ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ ಎಂದರೆ, ಅದರ ಒಂದೊಂದು ಗೆರೆಯನ್ನೂ ಪುಟಕ್ಕೆ ಜೀವ ಕೊಡುವ ಜಾವಾಸ್ಕ್ರಿಪ್ಟ್ ಎಂಬ ಕೋಡಿನಿಂದ ಮುಟ್ಟಬಹುದು, ಅಲುಗಾಡಿಸಬಹುದು, ಬಣ್ಣ ಬದಲಿಸಬಹುದು. ಇಪ್ಪತ್ತು ವರ್ಷದಿಂದ ನನ್ನ ಕೆಲಸ ಇದೇ. ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ. ಕೋಡಿನ ಹೆಸರುಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ.

ಕರ್ನಾಟಕದ ನಕ್ಷೆಯನ್ನು ಪುಟದಲ್ಲಿ ಹಾಕಿದ್ದೇನೆ. ಮಕ್ಕಳು ಜಿಲ್ಲೆಯನ್ನು ಮುಟ್ಟಿದರೆ ಅದರ ಹೆಸರು ಬರಬೇಕು. ಐಎಂಜಿ ಟ್ಯಾಗಿನಲ್ಲಿ ಹಾಕಿದರೆ ಏನೂ ಆಗುವುದಿಲ್ಲ. ಆಬ್ಜೆಕ್ಟ್ ಟ್ಯಾಗಿಗೆ ಬದಲಿಸಿದೆ. ತಮ್ಮನ ಲ್ಯಾಪ್‌ಟಾಪಿನಲ್ಲಿ ಸರ್ವರ್ ಹಾಕಿ ನೋಡಿದರೆ ಸರಿ ಇದೆ. ಪೆನ್‌ಡ್ರೈವಿನಲ್ಲಿ ಶಾಲೆಗೆ ಒಯ್ದು ತೆರೆದರೆ ಮತ್ತೆ ಸುಮ್ಮನಿರುತ್ತದೆ. ಶಾಲೆಯಲ್ಲಿ ಇಂಟರ್‌ನೆಟ್ ಇಲ್ಲ. (ಪ್ರೌಢಶಾಲಾ ಶಿಕ್ಷಕಿ, ಶಿರಸಿ)

ಮೇಡಂ, ನಿಮ್ಮ ಕೋಡಿನಲ್ಲಿ ತಪ್ಪಿಲ್ಲ. ಚಿತ್ರ ಕೂತಿರುವ ಜಾಗ ಸರಿಯಿಲ್ಲ.

ಐಎಂಜಿ ಟ್ಯಾಗಿನಲ್ಲಿ ಹಾಕಿದ ಎಸ್‌ವಿಜಿ ಗಾಜಿನ ಹಿಂದೆ ಇಟ್ಟ ಫೋಟೋ ಇದ್ದ ಹಾಗೆ. ನೋಡಬಹುದು, ಮುಟ್ಟಲಾಗದು. ಅದರ ಒಳಗಿನ ಸ್ಕ್ರಿಪ್ಟ್ ಓಡುವುದಿಲ್ಲ, ಹೊರಗಿನ ಸ್ಕ್ರಿಪ್ಟ್ ಒಳಗೆ ಹೋಗುವುದಿಲ್ಲ, ಹೊರಗಿನ ಫಾಂಟ್ ಕೂಡ ಬರುವುದಿಲ್ಲ. ಸುರಕ್ಷತೆಗಾಗಿ ಬೇಕೆಂದೇ ಹಾಗೆ ಮಾಡಿದ್ದಾರೆ. ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಎಲ್ಲದರಲ್ಲೂ ಹೀಗೇ.

ಆಬ್ಜೆಕ್ಟ್ ಟ್ಯಾಗಿನಲ್ಲಿ ಹಾಕಿದರೆ ಚಿತ್ರ ತನ್ನದೇ ಒಂದು ಪುಟವಾಗಿ ತೆರೆಯುತ್ತದೆ. ಕಂಟೆಂಟ್ ಡಾಕ್ಯುಮೆಂಟ್ ಎಂಬ ಬಾಗಿಲಿನಿಂದ ಒಳಗೆ ಹೋಗಬಹುದು. ಆದರೆ ಎರಡು ಷರತ್ತು. ಚಿತ್ರ ಪೂರ್ತಿ ಲೋಡ್ ಆಗಿರಬೇಕು. ಮತ್ತೆ, ಪುಟ ಮತ್ತು ಚಿತ್ರ ಒಂದೇ ಮೂಲದಿಂದ ಬಂದಿರಬೇಕು. ಸರ್ವರ್ ಇದ್ದಾಗ ಎರಡೂ ಒಂದೇ ವಿಳಾಸದಿಂದ ಬರುತ್ತವೆ, ಹಾಗಾಗಿ ತಮ್ಮನ ಲ್ಯಾಪ್‌ಟಾಪಿನಲ್ಲಿ ನಡೆಯಿತು. ಪೆನ್‌ಡ್ರೈವಿನಿಂದ ಡಬಲ್ ಕ್ಲಿಕ್ ಮಾಡಿ ತೆರೆದಾಗ ಕ್ರೋಮ್ ಒಂದೊಂದು ಕಡತವನ್ನೂ ಬೇರೆ ಬೇರೆ ಮನೆಯವರು ಎಂದು ನೋಡುತ್ತದೆ. ಒಂದೇ ಫೋಲ್ಡರಿನಲ್ಲಿದ್ದರೂ ಅಷ್ಟೇ. ಬಾಗಿಲು ತೆರೆಯುವುದಿಲ್ಲ, ನಿಮ್ಮ ಕೈಗೆ ನಲ್, ಅಂದರೆ ‘ಏನೂ ಇಲ್ಲ’ ಎಂಬ ಉತ್ತರ ಬರುತ್ತದೆ. ಫೈರ್‌ಫಾಕ್ಸ್ ಮೊದಲು ಒಂದೇ ಫೋಲ್ಡರಿನ ಕಡತಗಳಿಗೆ ಬಿಡುತ್ತಿತ್ತು, 2019ರಿಂದ ಅದೂ ನಿಲ್ಲಿಸಿದೆ.

ನಿಮ್ಮ ಶಾಲೆಗೆ ಒಂದೇ ದಾರಿ, ಅದೇ ಸುಲಭದ ದಾರಿ ಕೂಡ. ಎಸ್‌ವಿಜಿ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಮೇಲಿನ ಎಕ್ಸ್‌ಎಂಎಲ್ ಸಾಲು, ಡಾಕ್‌ಟೈಪ್ ಸಾಲು ಎರಡನ್ನೂ ಬಿಡಿ. ಎಸ್‌ವಿಜಿ ಟ್ಯಾಗ್ ಶುರುವಾದಲ್ಲಿಂದ ಮುಗಿಯುವವರೆಗೆ ಕಾಪಿ ಮಾಡಿ, ನಿಮ್ಮ ಎಚ್‌ಟಿಎಂಎಲ್ ಪುಟದೊಳಗೇ ಅಂಟಿಸಿ. ಈಗ ನಕ್ಷೆ ಪುಟದ ಮನೆಮಗಳು. ಸರ್ವರ್ ಬೇಡ, ಇಂಟರ್‌ನೆಟ್ ಬೇಡ. 2011ರಲ್ಲಿ ಬಂದ ಫೈರ್‌ಫಾಕ್ಸ್ 4, ಇಂಟರ್‌ನೆಟ್ ಎಕ್ಸ್‌ಪ್ಲೋರರ್ 9ರ ಕಾಲದಿಂದಲೂ ಇದು ನಡೆಯುತ್ತದೆ. ನಿಮ್ಮ ಶಾಲೆಯಲ್ಲಿ ಇನ್ನೂ ವಿಂಡೋಸ್ 7 ಇದ್ದರೂ ಚಿಂತೆಯಿಲ್ಲ. ಅದಕ್ಕೆ ಸಿಗುವ ಕೊನೆಯ ಕ್ರೋಮ್ 109. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಅದೇ ಇದೆ, ಮುಂದೆ ಹೇಳುವುದೆಲ್ಲ ಅದರಲ್ಲಿ ಓಡಿಸಿ ನೋಡಿಯೇ ಬರೆಯುತ್ತಿದ್ದೇನೆ.

ಇನ್ನು ಹೆಸರು. ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್ ಪ್ರತಿ ಜಿಲ್ಲೆಗೂ ಪಾತ್ 3421 ಎನ್ನುವಂಥ ಐಡಿ ಕೊಟ್ಟಿರುತ್ತದೆ. ಜಿಲ್ಲೆಯನ್ನು ಆರಿಸಿ, ಕಂಟ್ರೋಲ್, ಶಿಫ್ಟ್, ಓ ಒತ್ತಿದರೆ ಐಡಿ ಬದಲಿಸುವ ಪೆಟ್ಟಿಗೆ ಬರುತ್ತದೆ. ಮೂವತ್ತೊಂದು ಜಿಲ್ಲೆಗೂ ಕೂತು ಹೆಸರಿಡಿ. ಒಂದು ಸಂಜೆಯ ಕೆಲಸ. ಕನ್ನಡದ ಹೆಸರನ್ನು ಡೇಟಾ-ನೇಮ್ ಎಂಬ ಆಟ್ರಿಬ್ಯೂಟಿನಲ್ಲಿ ಇಡಿ. ಒಂದೊಂದು ಜಿಲ್ಲೆಗೂ ಬೇರೆ ಬೇರೆ ಕ್ಲಿಕ್ ಕೋಡ್ ಬರೆಯಬೇಡಿ. ಇಡೀ ನಕ್ಷೆಗೆ ಕ್ಲಿಕ್ಕನ್ನು ಕಾಯುವ ಒಂದೇ ಲಿಸನರ್ ಸಾಕು. ಕ್ಲಿಕ್ ಬಿದ್ದದ್ದು ಎಲ್ಲಿ ಎಂದು ಟಾರ್ಗೆಟ್ ಹೇಳುತ್ತದೆ, ಅಲ್ಲಿಂದ ಕ್ಲೋಸೆಸ್ಟ್ ಹಾಕಿ ಡೇಟಾ-ನೇಮ್ ಇರುವ ಭಾಗವನ್ನು ಹಿಡಿಯಿರಿ. ಎರಡು ತುಂಡಾಗಿ ಬಿಡಿಸಿದ ಜಿಲ್ಲೆ ಇದ್ದರೆ ಅವೆರಡನ್ನೂ ಒಂದು ಜಿ ಗುಂಪಿನೊಳಗೆ ಹಾಕಿ ಹೆಸರನ್ನು ಗುಂಪಿಗೆ ಕೊಡಿ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಜಿಲ್ಲೆಯ ಫಿಲ್ (ಒಳಬಣ್ಣ) ನನ್, ಅಂದರೆ ‘ಇಲ್ಲ’, ಎಂದಿದ್ದರೆ ಒಳಗೆ ಎಲ್ಲಿ ಒತ್ತಿದರೂ ಕ್ಲಿಕ್ ಸಿಗುವುದಿಲ್ಲ, ಗಡಿಯ ಗೆರೆಯ ಮೇಲೆ ಬಿದ್ದರೆ ಮಾತ್ರ ಸಿಗುತ್ತದೆ. ಬಣ್ಣ ಬೇಡ ಅಂದರೆ ಫಿಲ್ ಅನ್ನು ಟ್ರಾನ್ಸ್‌ಪರೆಂಟ್ ಮಾಡಿ. ಅದಕ್ಕೂ ಇದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣದು, ಬ್ರೌಸರಿಗೆ ಮಾತ್ರ ಗೊತ್ತು. ಇನ್ನು ಜಿಲ್ಲೆಯ ಮೇಲೆ ಅಕ್ಷರ ಬರೆದಿದ್ದರೆ ಕ್ಲಿಕ್ಕನ್ನು ಆ ಅಕ್ಷರವೇ ನುಂಗುತ್ತದೆ. ಆ ಟೆಕ್ಸ್ಟಿಗೆ ಪಾಯಿಂಟರ್-ಈವೆಂಟ್ಸ್ ನನ್ ಎಂದು ಸ್ಟೈಲ್ ಕೊಡಿ.

ನಕ್ಷೆ ಫೋನಿನಲ್ಲಿ ಚಿಕ್ಕದಾಗದೆ ಕತ್ತರಿಸಿ ಹೋಗುತ್ತಿದ್ದರೆ ವ್ಯೂಬಾಕ್ಸ್, ಅಂದರೆ ಚಿತ್ರದೊಳಗಿನ ಅಳತೆಯ ಚೌಕಟ್ಟು, ಇಲ್ಲ ಎಂದರ್ಥ. ಅಗಲ 800, ಎತ್ತರ 1200 ಎಂದಿದ್ದರೆ ಅವನ್ನು ತೆಗೆದು ವ್ಯೂಬಾಕ್ಸ್ 0 0 800 1200 ಎಂದು ಬರೆಯಿರಿ.

ಕಡತ ತುಂಬಾ ದೊಡ್ಡದಿದ್ದರೆ ಇಂಕ್‌ಸ್ಕೇಪಿನ ಸಿಂಪ್ಲಿಫೈ ಒತ್ತಲು ಮನಸ್ಸಾಗುತ್ತದೆ. ಒತ್ತಬೇಡಿ. ಅದು ಒಂದೊಂದು ಜಿಲ್ಲೆಯನ್ನೂ ಪ್ರತ್ಯೇಕವಾಗಿ ಸವರುತ್ತದೆ. ಹಾವೇರಿಯ ಗಡಿ ಒಂದು ಥರ, ಪಕ್ಕದ ಉತ್ತರ ಕನ್ನಡದ ಗಡಿ ಇನ್ನೊಂದು ಥರ ಆಗಿ, ನಡುವೆ ಬಿಳಿ ಸೀಳು ಕಾಣುತ್ತದೆ. ನಕ್ಷೆಯ ಮೂಲ ಡೇಟಾ ಇದ್ದರೆ ಮ್ಯಾಪ್‌ಶೇಪರ್ ಎಂಬ ಉಚಿತ ಸಾಧನಕ್ಕೆ ಕೊಡಿ. ಅದು ಇಬ್ಬರಿಗೂ ಸೇರಿದ ಗಡಿಯನ್ನು ಒಂದೇ ಗೆರೆ ಎಂದು ತಿಳಿದು ಸವರುತ್ತದೆ, ಎಸ್‌ವಿಜಿಯಾಗಿಯೂ ಕೊಡುತ್ತದೆ.

ಕೊನೆಗೆ, ಜಿಲ್ಲೆಗಳನ್ನು ಎಣಿಸಿ. 2021ಕ್ಕಿಂತ ಹಳೆಯ ನಕ್ಷೆಯಾದರೆ ವಿಜಯನಗರ ಇರುವುದಿಲ್ಲ, ಹೊಸಪೇಟೆ ಇನ್ನೂ ಬಳ್ಳಾರಿಯಲ್ಲೇ ಇರುತ್ತದೆ. 2010ಕ್ಕೂ ಹಿಂದಿನದಾದರೆ ಯಾದಗಿರಿಯೂ ಇಲ್ಲ. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ನಕ್ಷೆಗಳು ಹೀಗಿವೆ. ಮಕ್ಕಳಿಗೆ ತಪ್ಪು ನಕ್ಷೆ ಹೋಗುವುದು ಬೇಡ, ಅಲ್ವಾ?

ಎಳೆ ರಂಗೋಲಿಗಳನ್ನು ಇಂಕ್‌ಸ್ಕೇಪಿನಲ್ಲಿ ಬಿಡಿಸುತ್ತೇನೆ. ಕೈಯಲ್ಲಿ ಎಳೆದ ಹಾಗೆ ಗೆರೆ ನಿಧಾನಕ್ಕೆ ಮೂಡಬೇಕು. ಡ್ಯಾಶ್ ಆಫ್‌ಸೆಟ್ ಬಳಸಿ ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿದೆ. ಫೋನಿನಲ್ಲಿ ಶುರುವಿನಲ್ಲೇ ಸರ್ರನೆ ಪೂರ್ತಿ ಮೂಡಿ, ಆಮೇಲೆ ಬಹಳ ಹೊತ್ತು ಸುಮ್ಮನಿರುತ್ತದೆ. ಟಿವಿಗೆ ಹಾಕಿದರೆ ಶುರುವಿನಲ್ಲೇ ಅರ್ಧ ಎಳೆ ಬಿಡಿಸಿರುತ್ತದೆ. (ಗೃಹಿಣಿ, ಮೈಸೂರು)

ನೀವು ಎಷ್ಟು ಚೆನ್ನಾಗಿ ಗಮನಿಸಿದ್ದೀರಿ ಎಂದರೆ, ನಿಮ್ಮ ಕಡತ ನೋಡುವ ಮೊದಲೇ ಕಾರಣ ಸಿಕ್ಕಿತು. ಕಡತ ತೆರೆದು ನೋಡಿದೆ, ಅದೇ ಇತ್ತು: ವೆಕ್ಟರ್-ಎಫೆಕ್ಟ್, ನಾನ್-ಸ್ಕೇಲಿಂಗ್-ಸ್ಟ್ರೋಕ್.

ಮೊದಲು ಈ ಉಪಾಯ ಹೇಗೆ ನಡೆಯುತ್ತದೆ ಎಂದು ಉಳಿದವರಿಗೂ ಹೇಳುತ್ತೇನೆ. ಗೆರೆಯನ್ನು ಎಸ್‌ವಿಜಿಯಲ್ಲಿ ತುಂಡು ತುಂಡಾಗಿ ತೋರಿಸಬಹುದು, ಇಷ್ಟು ಗೆರೆ, ಇಷ್ಟು ಖಾಲಿ ಎಂದು. ಗೆಟ್ ಟೋಟಲ್ ಲೆಂತ್ ಕೇಳಿದರೆ ಎಳೆಯ ಪೂರ್ತಿ ಉದ್ದ ಸಿಗುತ್ತದೆ. 1200 ಅಂದುಕೊಳ್ಳಿ. 1200 ಗೆರೆ, 1200 ಖಾಲಿ ಎಂದು ಕೊಟ್ಟು, ಆಫ್‌ಸೆಟ್ 1200 ಮಾಡಿದರೆ ಖಾಲಿ ಭಾಗವೇ ಎಳೆಯ ಮೇಲೆ ಕೂರುತ್ತದೆ. ಆಫ್‌ಸೆಟ್ ಅನ್ನು 0ಗೆ ಇಳಿಸುತ್ತಾ ಬಂದರೆ ಎಳೆ ಮೂಡುತ್ತಾ ಹೋಗುತ್ತದೆ.

ಪರದೆ ಎಷ್ಟೇ ದೊಡ್ಡದಾದರೂ ಎಳೆಯ ದಪ್ಪ ಒಂದೇ ಇರಲಿ ಎಂದು ನೀವು ನಾನ್-ಸ್ಕೇಲಿಂಗ್-ಸ್ಟ್ರೋಕ್ ಹಾಕಿದ್ದೀರಿ. ಅದನ್ನು ಹಾಕಿದ ಕೂಡಲೇ ಡ್ಯಾಶಿನ ಅಳತೆಯೂ ಪರದೆಯ ಪಿಕ್ಸೆಲ್ಲಿಗೆ ಹೋಗುತ್ತದೆ. ಗೆಟ್ ಟೋಟಲ್ ಲೆಂತ್ ಮಾತ್ರ ಚಿತ್ರದ ಅಳತೆಯಲ್ಲೇ ಉತ್ತರ ಕೊಡುತ್ತದೆ. ಫೋನಿನಲ್ಲಿ ಚಿತ್ರ ಕುಗ್ಗಿ ಎಳೆ 480 ಪಿಕ್ಸೆಲ್ ಆಗಿದ್ದರೆ, ಆಫ್‌ಸೆಟ್ 1200ರಿಂದ 720ಕ್ಕೆ ಇಳಿಯುವಷ್ಟರಲ್ಲೇ ಇಡೀ ಎಳೆ ಮೂಡಿಬಿಡುತ್ತದೆ, ಆಮೇಲೆ 0 ಆಗುವ ತನಕ ಏನೂ ಬದಲಾಗುವುದಿಲ್ಲ. ಟಿವಿಯಲ್ಲಿ ಎಳೆ 2400 ಪಿಕ್ಸೆಲ್ ಆದರೆ 1200 ಖಾಲಿ ಮುಗಿದ ಮೇಲೆ ಉಳಿದರ್ಧ ಮೊದಲೇ ಕಂಡುಬಿಡುತ್ತದೆ.

ಪರಿಹಾರ ಎರಡು. ನಾನ್-ಸ್ಕೇಲಿಂಗ್ ತೆಗೆಯಿರಿ. ರಂಗೋಲಿಯ ಎಳೆ ಚಿತ್ರದ ಜೊತೆಗೇ ದಪ್ಪ ತೆಳು ಆಗುವುದೇ ಕಣ್ಣಿಗೆ ಹಿತ ಎಂದು ನನ್ನ ಅಭಿಪ್ರಾಯ. ಬೇಕೇ ಬೇಕು ಅಂದರೆ ಗೆಟ್ ಸ್ಕ್ರೀನ್ ಸಿಟಿಎಂ ಕೊಡುವ ಎ ಎಂಬ ಸಂಖ್ಯೆಯಿಂದ ಉದ್ದವನ್ನು ಗುಣಿಸಿ. ಚಿತ್ರ ಎಷ್ಟು ಪಟ್ಟು ಹಿಗ್ಗಿದೆ ಎಂದು ಅದು ಹೇಳುತ್ತದೆ. ಫೋನನ್ನು ಅಡ್ಡ ತಿರುಗಿಸಿದರೆ ಮತ್ತೆ ಲೆಕ್ಕ ಹಾಕಬೇಕು.

ಇನ್ನೊಂದು ಕಂಡಿತು. ನಿಮ್ಮ 7ರಿಂದ 4ರ ಸಂದು ಚುಕ್ಕಿ ರಂಗೋಲಿಯಲ್ಲಿ ಮೂರು ಎಳೆಗಳಿವೆ. ಮೂರನ್ನೂ ಕಂಬೈನ್ ಮಾಡಿ ಒಂದೇ ಪಾತ್ ಮಾಡಿದ್ದೀರಿ. ಹಾಗಾಗಿ ಮೂರೂ ಒಟ್ಟಿಗೆ ಶುರುವಾಗುತ್ತವೆ. ನಮ್ಮಮ್ಮ ಅಂಗಳದಲ್ಲಿ ಕೂತಾಗ ಒಂದು ಎಳೆ ಹೊರಟ ಚುಕ್ಕಿಗೆ ಬಂದು ಸೇರುವವರೆಗೆ ಕೈ ಎತ್ತುತ್ತಿರಲಿಲ್ಲ. ಪುಡಿ ಮುಗಿಯುತ್ತಾ ಬಂದರೆ ಎಡಗೈಯಿಂದ ಬಲಗೈಗೆ ತುಂಬಿಕೊಂಡು ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಅದೇ ಕ್ರಮ ಬರಬೇಕೆಂದರೆ ಬ್ರೇಕ್ ಅಪಾರ್ಟ್ ಮಾಡಿ ಮೂರು ಪಾತ್ ಮಾಡಿ. ಒಂದು ಮುಗಿದ ಮೇಲೆ ಇನ್ನೊಂದು ಶುರುವಾಗಲಿ. ಎಳೆ ಉಲ್ಟಾ ದಿಕ್ಕಿಗೆ ಹೋಗುತ್ತಿದ್ದರೆ ಇಂಕ್‌ಸ್ಕೇಪಿನ ಪಾತ್ ಮೆನುವಿನಲ್ಲಿ ರಿವರ್ಸ್ ಇದೆ.

ಶುರುವಾಗುವ ಮೊದಲೇ ಒಂದು ಪುಟ್ಟ ಗುಂಡಗಿನ ಚುಕ್ಕಿ ಕಂಡರೆ ಅದು ಗೆರೆಯ ತುದಿಯನ್ನು ಗುಂಡಗೆ ಮಾಡುವ ರೌಂಡ್ ಲೈನ್‌ಕ್ಯಾಪಿನ ಕೆಲಸ. ಉದ್ದಕ್ಕೆ ಎರಡು ಸೇರಿಸಿ, 1200ರ ಬದಲು 1202 ಎಂದು ಮೂರೂ ಕಡೆ ಕೊಡಿ. ಹೋಗುತ್ತದೆ. ಫೋನಿನಲ್ಲಿ ಚಲನೆ ಬೇಡ ಎಂದು ಸೆಟ್ಟಿಂಗ್ ಇಟ್ಟುಕೊಂಡವರೂ ಇರುತ್ತಾರೆ, ಕೆಲವರಿಗೆ ತಲೆ ಸುತ್ತುತ್ತದೆ. ಪ್ರಿಫರ್ಸ್-ರೆಡ್ಯೂಸ್ಡ್-ಮೋಷನ್ ನೋಡಿ ಅವರಿಗೆ ರಂಗೋಲಿಯನ್ನು ಪೂರ್ತಿಯಾಗಿಯೇ ತೋರಿಸಿ.

ಜಾವಾಸ್ಕ್ರಿಪ್ಟಿನಿಂದ ಒಂದು ವೃತ್ತ ಸೇರಿಸಿದೆ. ಇನ್‌ಸ್ಪೆಕ್ಟರಿನಲ್ಲಿ ಕಾಣುತ್ತದೆ, ಪರದೆಯಲ್ಲಿ ಇಲ್ಲ. ಅದೇ ಸಾಲನ್ನು ಕೈಯಿಂದ ಎಚ್‌ಟಿಎಂಎಲ್‌ನಲ್ಲಿ ಬರೆದರೆ ಕಾಣುತ್ತದೆ! ಇನ್ನೊಂದು, ಕ್ಲಿಕ್ ಮಾಡಿದ ಜಾಗದಲ್ಲಿ ಚುಕ್ಕಿ ಬೀಳಬೇಕು, ಬೇರೆಲ್ಲೋ ಬೀಳುತ್ತದೆ. (ಎಂಜಿನಿಯರಿಂಗ್ ವಿದ್ಯಾರ್ಥಿ, ಧಾರವಾಡ)

ಮೊದಲನೆಯದಕ್ಕೆ ನಾನೂ ಒಂದು ಕಾಲದಲ್ಲಿ ಇಡೀ ರಾತ್ರಿ ಕೂತಿದ್ದೇನೆ. ಕ್ರಿಯೇಟ್ ಎಲಿಮೆಂಟ್ ಎಂದು ಬರೆದಿದ್ದೀರಿ. ಅದು ಸರ್ಕಲ್ ಎಂಬ ಹೆಸರಿನ ಎಚ್‌ಟಿಎಂಎಲ್ ಟ್ಯಾಗನ್ನು ಹುಟ್ಟಿಸುತ್ತದೆ. ಎಚ್‌ಟಿಎಂಎಲ್‌ನಲ್ಲಿ ಅಂಥ ಟ್ಯಾಗೇ ಇಲ್ಲ, ಹಾಗಾಗಿ ಬ್ರೌಸರ್ ಅದನ್ನು ಏನೂ ಮಾಡದೆ ಬಿಡುತ್ತದೆ. ಹೆಸರು ಒಂದೇ, ಮನೆತನ ಬೇರೆ. ಕ್ರಿಯೇಟ್ ಎಲಿಮೆಂಟ್ ಎನ್‌ಎಸ್ ಬಳಸಿ, ಮೊದಲ ಜಾಗದಲ್ಲಿ ಎಸ್‌ವಿಜಿಯ ನೇಮ್‌ಸ್ಪೇಸ್, ಅಂದರೆ ಆ ಮನೆತನದ ಹೆಸರು, ಕೊಡಿ. ಅದು ಡಬ್ಲ್ಯುಡಬ್ಲ್ಯುಡಬ್ಲ್ಯು ಡಾಟ್ ಡಬ್ಲ್ಯು3 ಡಾಟ್ ಆರ್ಗ್, ಸ್ಲ್ಯಾಶ್ 2000, ಸ್ಲ್ಯಾಶ್ ಎಸ್‌ವಿಜಿ. ಮುಂದೆ ಎಚ್‌ಟಿಟಿಪಿ ಮಾತ್ರ. ಒಳ್ಳೆಯದಾಗಲಿ ಎಂದು ಎಸ್ ಸೇರಿಸಿ ಎಚ್‌ಟಿಟಿಪಿಎಸ್ ಮಾಡಿದರೆ ಮತ್ತೆ ಕಾಣುವುದಿಲ್ಲ. ಅದು ಹೋಗಿ ನೋಡುವ ವಿಳಾಸವಲ್ಲ, ಬರೀ ಒಂದು ಹೆಸರು. ಒಂದಕ್ಷರ ಬದಲಾದರೂ ಬೇರೆ ಹೆಸರಾಗುತ್ತದೆ.

ಕೈಯಿಂದ ಬರೆದಾಗ ಯಾಕೆ ಕಂಡಿತು? ಎಚ್‌ಟಿಎಂಎಲ್ ಓದುವ ಯಂತ್ರ ಎಸ್‌ವಿಜಿ ಟ್ಯಾಗನ್ನು ಕಂಡ ಕೂಡಲೇ ಒಳಗಿರುವುದಕ್ಕೆಲ್ಲ ತಾನೇ ಆ ಮನೆತನದ ಹೆಸರು ಕೊಡುತ್ತದೆ. ಸ್ಕ್ರಿಪ್ಟಿಗೆ ಆ ಸಹಾಯ ಇಲ್ಲ. ವ್ಯೂಬಾಕ್ಸಿನ ಕತೆಯೂ ಹೀಗೇ. ಎಚ್‌ಟಿಎಂಎಲ್‌ನಲ್ಲಿ ಪೂರ್ತಿ ಸಣ್ಣಕ್ಷರದಲ್ಲಿ ಬರೆದರೂ ಅದು ತಿದ್ದಿಕೊಳ್ಳುತ್ತದೆ. ಸೆಟ್ ಆಟ್ರಿಬ್ಯೂಟಿನಲ್ಲಿ ಬರೆಯುವಾಗ ನಡುವಿನ ಬಿ ದೊಡ್ಡಕ್ಷರವೇ ಆಗಬೇಕು. ಕ್ಲಾಸ್‌ನೇಮ್‌ಗೆ ನೇರವಾಗಿ ಬೆಲೆ ಕೊಡುವ ಅಭ್ಯಾಸವನ್ನೂ ಬಿಡಿ. ಎಸ್‌ವಿಜಿಯಲ್ಲಿ ಅದು ಬರೀ ಪದವಲ್ಲ, ಬೇರೊಂದು ವಸ್ತು. ಕ್ಲಾಸ್‌ಲಿಸ್ಟ್ ಬಳಸಿ.

ಎರಡನೆಯದು. ಕ್ಲೈಂಟ್ ಎಕ್ಸ್, ಕ್ಲೈಂಟ್ ವೈ ಎರಡೂ ಕಿಟಕಿಯ ಅಳತೆ. ಚಿತ್ರದೊಳಗಿನ ಅಳತೆ ವ್ಯೂಬಾಕ್ಸಿನದು. ಅಗಲದಿಂದ ಭಾಗಿಸಿ ಸರಿ ಮಾಡಲು ನೋಡಿದ್ದೀರಿ. ಚೌಕಟ್ಟು ಮತ್ತು ಚಿತ್ರ ಒಂದೇ ಆಕಾರದಲ್ಲಿದ್ದರೆ ಅದು ನಡೆಯುತ್ತದೆ. ಇಲ್ಲದಿದ್ದರೆ ಬ್ರೌಸರ್ ಚಿತ್ರವನ್ನು ನಡುವೆ ಕೂರಿಸಿ ಎರಡು ಪಕ್ಕ ಖಾಲಿ ಬಿಡುತ್ತದೆ, ಆ ಖಾಲಿ ಜಾಗ ನಿಮ್ಮ ಲೆಕ್ಕದಲ್ಲಿಲ್ಲ. ಲೆಕ್ಕವನ್ನು ಬ್ರೌಸರಿಗೇ ಬಿಡಿ. ಡಾಮ್ ಪಾಯಿಂಟ್ ಒಂದನ್ನು ಮಾಡಿ ಅದರಲ್ಲಿ ಕ್ಲೈಂಟ್ ಎಕ್ಸ್, ವೈ ಇಡಿ. ಗೆಟ್ ಸ್ಕ್ರೀನ್ ಸಿಟಿಎಂ ಕರೆದು, ಇನ್ವರ್ಸ್ ಮಾಡಿ, ಮ್ಯಾಟ್ರಿಕ್ಸ್ ಟ್ರಾನ್ಸ್‌ಫಾರ್ಮಿಗೆ ಕೊಡಿ. ಬಂದ ಎಕ್ಸ್, ವೈ ಚಿತ್ರದೊಳಗಿನದೇ. ಆಫ್‌ಸೆಟ್ ಎಕ್ಸ್ ನಂಬಬೇಡಿ, ಎಸ್‌ವಿಜಿಯೊಳಗೆ ಒಂದೊಂದು ಬ್ರೌಸರ್ ಒಂದೊಂದು ಥರ ಕೊಟ್ಟದ್ದನ್ನು ನೋಡಿದ್ದೇನೆ. ಮೌಸಿಗೆ ಒಂದು, ಬೆರಳಿಗೆ ಒಂದು ಎಂದು ಎರಡೆರಡು ಕೋಡ್ ಕೂಡ ಬೇಡ. ಪಾಯಿಂಟರ್ ಈವೆಂಟ್ಸ್ 2019ರ ಸಫಾರಿ 13ರಲ್ಲೂ ಬಂದಿದೆ, ಈಗ ಎಲ್ಲ ಕಡೆ ಅದೊಂದೇ ಸಾಕು.

2004ರಲ್ಲಿ ಗೆಳೆಯರು ಸೇರಿ ನಮ್ಮ ಏಳುಸುತ್ತಿನ ಕೋಟೆಯ ಬಗ್ಗೆ ಒಂದು ಸಿಡಿ ಮಾಡಿದ್ದೆವು. ಕೋಟೆಯ ನಕ್ಷೆಯಲ್ಲಿ ಓಬವ್ವನ ಕಿಂಡಿ ಒತ್ತಿದರೆ ವಿವರ ಬರುತ್ತಿತ್ತು. ಈಗ ತೆರೆದರೆ ಕೆಲವು ಪುಟ ಖಾಲಿ, ಕೆಲವು ಕಡೆ ಬರೀ ಕೋಡ್. ಆ ಗೆಳೆಯರಲ್ಲಿ ಇಬ್ಬರು ಈಗಿಲ್ಲ. ಉಳಿಸಬಹುದೇ? (ನಿವೃತ್ತ ನೌಕರ, ಚಿತ್ರದುರ್ಗ)

ಖಂಡಿತ ಉಳಿಸಬಹುದು ಸರ್. ನೀವು ಕಳಿಸಿದ ಮೂರು ಕಡತಗಳಲ್ಲಿ ಎರಡನ್ನು ಎಬ್ಬಿಸಿದ್ದೇನೆ. ಮೂರನೆಯದಕ್ಕೆ ನಿಮ್ಮ ಸಹಾಯ ಬೇಕು.

ಆ ಕಾಲ ಹೇಗಿತ್ತು ಎಂದು ಇಂದಿನವರಿಗೆ ಹೇಳಬೇಕು. ಎಸ್‌ವಿಜಿ 1.0 ವೆಬ್ಬಿನ ನಿಯಮ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಶಿಫಾರಸಾಗಿ ಹೊರಬಂದದ್ದು 2001ರ ಸೆಪ್ಟೆಂಬರ್ 4ರಂದು. ಆದರೆ ಜನ ಬಳಸುತ್ತಿದ್ದ ಇಂಟರ್‌ನೆಟ್ ಎಕ್ಸ್‌ಪ್ಲೋರರಿಗೆ ಅದು ಬರುತ್ತಿರಲಿಲ್ಲ. ಅದರಲ್ಲಿ 1999ರಿಂದ ವಿಎಂಎಲ್ ಎಂಬ ಬೇರೆಯೇ ಪದ್ಧತಿ ಇತ್ತು. ಎಸ್‌ವಿಜಿ ನೋಡಬೇಕೆಂದರೆ ಅಡೋಬಿಯ ಎಸ್‌ವಿಜಿ ವ್ಯೂವರ್ ಎಂಬ ಪ್ಲಗಿನ್ ಹಾಕಿಕೊಳ್ಳಬೇಕಿತ್ತು. 2005ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 1.5 ಬಂತು, ಪ್ಲಗಿನ್ ಇಲ್ಲದೆ ಎಸ್‌ವಿಜಿ ತೋರಿಸಿತು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ತಾನೇ ಕಲಿಯುವಷ್ಟರಲ್ಲಿ 2011ರ ಮಾರ್ಚ್ ಆಗಿತ್ತು. ಅಡೋಬಿ ಅದಕ್ಕೂ ಮೊದಲೇ, 2009ರ ಆರಂಭದಲ್ಲೇ ತನ್ನ ವ್ಯೂವರನ್ನು ಕೈಬಿಟ್ಟಿತ್ತು.

ನಡುವಿನ ಆ ವರ್ಷಗಳಲ್ಲಿ ನಾವು ಪಟ್ಟ ಪಾಡು ನನಗೆ ಚೆನ್ನಾಗಿ ನೆನಪಿದೆ. 2006ರಲ್ಲಿ ಒಂದು ಕಂಪನಿಗೆ ಬಸ್ ದಾರಿಗಳ ನಕ್ಷೆ ಮಾಡಿಕೊಟ್ಟೆ. ತೋರಿಸುವ ದಿನ ಅವರ ಕಂಪ್ಯೂಟರಿನಲ್ಲಿ ಪ್ಲಗಿನ್ ಇಲ್ಲ, ಹಾಕಲು ಅನುಮತಿಯೂ ಇಲ್ಲ. ಬಿಳಿ ಚೌಕದ ಮುಂದೆ ಎಂಟು ಜನ ಕೂತಿದ್ದರು. ಮನೆಗೆ ಬಂದು ಅದೇ ನಕ್ಷೆಯನ್ನು ವಿಎಂಎಲ್‌ನಲ್ಲಿ ಮೊದಲಿನಿಂದ ಬರೆದೆ. ಎರಡು ವರ್ಷ ಒಂದೊಂದು ದಾರಿ ಬದಲಾದಾಗಲೂ ಎರಡು ಕಡೆ ತಿದ್ದಿದ್ದೇನೆ. 2008ರಲ್ಲಿ ರಾಫೆಲ್ ಎಂಬ ಲೈಬ್ರರಿ ಬಂದು, ಒಮ್ಮೆ ಬರೆದದ್ದನ್ನು ಬ್ರೌಸರ್ ನೋಡಿ ಎಸ್‌ವಿಜಿ ಅಥವಾ ವಿಎಂಎಲ್ ಮಾಡಿಕೊಟ್ಟಾಗ ಆದ ಸಮಾಧಾನ ಹೇಳಲಾರೆ.

ಈಗ ನಿಮ್ಮ ಕೋಟೆ. ಬರೀ ಕೋಡ್ ಕಾಣುವ ಕಡತಗಳಲ್ಲಿ ಮೊದಲ ಟ್ಯಾಗಿಗೆ ಎಕ್ಸ್‌ಎಂಎಲ್‌ಎನ್‌ಎಸ್ ಇಲ್ಲ. ಮೇಲೆ ಧಾರವಾಡದ ಹುಡುಗನಿಗೆ ಹೇಳಿದ ಅದೇ ಮನೆತನದ ಹೆಸರು. ಅಡೋಬಿಯ ವ್ಯೂವರ್ ಅದಿಲ್ಲದಿದ್ದರೂ ನಡೆಸುತ್ತಿತ್ತು. ಇಂದಿನ ಬ್ರೌಸರಿಗೆ ಅದಿಲ್ಲದೆ ಇದು ಚಿತ್ರ ಎಂದೇ ಗೊತ್ತಾಗದು. ಒಂದು ಸಾಲು ಸೇರಿಸಿದೆ, ಕೋಟೆಯ ಏಳೂ ಸುತ್ತು ಎದ್ದು ಬಂದವು. ಲಿಂಕುಗಳಿಗೆ ಎಕ್ಸ್‌ಲಿಂಕ್ ಸಾಲನ್ನೂ ಸೇರಿಸಿದೆ.

ಖಾಲಿ ಕಾಣುವುದು ಎಸ್‌ವಿಜಿಝೆಡ್ ಎಂದು ಮುಗಿಯುವ ಕಡತ. ಅದು ಒತ್ತಿ ಸಣ್ಣದು ಮಾಡಿದ್ದು. ಸರ್ವರ್ ಇಲ್ಲದೆ ಬ್ರೌಸರ್ ಬಿಚ್ಚುವುದಿಲ್ಲ. 7-ಜಿಪ್ ಹಾಕಿ ಬಿಚ್ಚಿದರೆ ಒಳಗೆ ಸಾದಾ ಎಸ್‌ವಿಜಿ ಸಿಗುತ್ತದೆ.

ಸ್ಕ್ರಿಪ್ಟಿನಲ್ಲಿ ಗೆಟ್ ಟಾರ್ಗೆಟ್ ಎಂದು ಆವರಣ ಹಾಕಿ ಕರೆದಿರುವಲ್ಲೆಲ್ಲ ಬರೀ ಟಾರ್ಗೆಟ್ ಮಾಡಿ. ವಿವರ ತರಲು ಗೆಟ್ ಯುಆರ್‌ಎಲ್, ಪಾರ್ಸ್ ಎಕ್ಸ್‌ಎಂಎಲ್ ಬಳಸಿದ್ದೀರಿ. ಅವು ಆ ವ್ಯೂವರಿನದೇ ಸ್ವಂತ ಸೌಕರ್ಯಗಳು, ಬ್ರೌಸರಿನಲ್ಲಿ ಇಲ್ಲ. ವಿವರ ಇರುವುದು ಹನ್ನೆರಡು ಜಾಗಕ್ಕೆ ಮಾತ್ರ, ಹಾಗಾಗಿ ಅಷ್ಟನ್ನೂ ಪುಟದೊಳಗೇ ಬರೆದುಬಿಟ್ಟೆ. ಅನಿಮೇಟ್ ಟ್ಯಾಗುಗಳನ್ನು ಮುಟ್ಟಿಲ್ಲ. 2015ರಲ್ಲಿ ಕ್ರೋಮ್ ಅವನ್ನು ತೆಗೆಯುವ ಮಾತಾಡಿತ್ತು, ಮರುವರ್ಷ ಹಿಂದೆ ಸರಿಯಿತು. ಬಾಗಿಲ ಬಳಿಯ ದೀಪ ನೀವು ಮಾಡಿದ ಹಾಗೇ ಮಿನುಗುತ್ತಿದೆ.

ಮೂರನೇ ಕಡತದ ಕನ್ನಡ ಅಕ್ಷರಗಳು ಯೂನಿಕೋಡ್ ಅಲ್ಲ, ಹಳೆಯ ಫಾಂಟಿನ ಸಂಕೇತಗಳು. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತಿವೆ. ಯಾವ ಫಾಂಟಿನಲ್ಲಿ ಟೈಪ್ ಮಾಡಿದಿರಿ ಎಂದು ತಿಳಿಸಿದರೆ ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಬಹುದು. ಸಿಡಿಯ ಹೊದಿಕೆಯ ಮೇಲೆ ಬರೆದಿದ್ದೀರೋ ಏನೋ, ನೋಡಿ. ಮತ್ತೆ, ಇವತ್ತೇ ಆ ಸಿಡಿಯನ್ನು ಕಂಪ್ಯೂಟರಿಗೆ ಕಾಪಿ ಮಾಡಿ ಇನ್ನೊಂದು ಕಡೆಯೂ ಇಡಿ. ಇಷ್ಟು ಹಳೆಯ ಸಿಡಿ ಯಾವಾಗ ಬೇಕಾದರೂ ಓದಲು ಬಾರದಾಗಬಹುದು.

ನಮ್ಮ ಸಂಘದ ಜಾಲತಾಣಕ್ಕೆ ಸದಸ್ಯರು ಲೋಗೋ ಕಳಿಸುತ್ತಾರೆ. ಎಸ್‌ವಿಜಿ ಒಪ್ಪಿಕೊಳ್ಳಬಹುದೇ? (ಪುತ್ತೂರು)

ಎಚ್ಚರದಿಂದ ಒಪ್ಪಿಕೊಳ್ಳಿ. ಎಸ್‌ವಿಜಿಯೊಳಗೆ ಸ್ಕ್ರಿಪ್ಟ್ ಇರಬಹುದು. ಐಎಂಜಿ ಟ್ಯಾಗಿನಲ್ಲಿ ತೋರಿಸಿದರೆ ಅದು ಓಡುವುದಿಲ್ಲ. ಆದರೆ ಯಾರಾದರೂ ಆ ಚಿತ್ರವನ್ನೇ ಹೊಸ ಟ್ಯಾಬಿನಲ್ಲಿ ತೆರೆದರೆ ನಿಮ್ಮ ತಾಣದ ಹೆಸರಿನಲ್ಲೇ ಓಡುತ್ತದೆ. ಡಾಮ್‌ಪ್ಯೂರಿಫೈಯಂಥ ಸಾಧನದಿಂದ ಸೋಸಿ ಇಡಿ. ಸೋಸುವವರು ಇಲ್ಲದಿದ್ದರೆ ಪಿಎನ್‌ಜಿ ಕೇಳಿ.

ಭಾನುವಾರ ಇಲ್ಲಿನ ಮಕ್ಕಳಿಗೆ ಕನ್ನಡ ಕಲಿಸುತ್ತೇವೆ. ಪದದ ಅಕ್ಷರಗಳು ಒಂದೊಂದಾಗಿ ಮೇಲಿಂದ ಬಿದ್ದು ಜೋಡಿಸಿಕೊಳ್ಳುವ ಆಟವನ್ನು ಎಸ್‌ವಿಜಿಯಲ್ಲಿ ಮಾಡುತ್ತಿದ್ದೇನೆ. ‘ಕಮಲ’ ಸರಿ ಬರುತ್ತದೆ. ‘ಅಕ್ಷರ’ ಹಾಕಿದರೆ ಒಡೆದು ಹೋಗುತ್ತದೆ. (ಕ್ಯಾಲಿಫೋರ್ನಿಯಾ)

ಈ ಪತ್ರ ಓದಿ ಬಹಳ ಖುಷಿಯಾಯಿತು. ಉತ್ತರ ಸ್ವಲ್ಪ ಉದ್ದ, ಆದರೆ ಕನ್ನಡದಲ್ಲಿ ಕೆಲಸ ಮಾಡುವವರೆಲ್ಲರಿಗೂ ಬೇಕಾದದ್ದು.

‘ಅಕ್ಷರ’ ನಮಗೆ ಮೂರು ಅಕ್ಷರ. ಜಾವಾಸ್ಕ್ರಿಪ್ಟಿಗೆ ಐದು: ಅ, ಕ, ಹಲಂತದ ಗುರುತು, ಷ, ರ. ‘ಸ್ತ್ರೀ’ ನಮಗೆ ಒಂದೇ, ಅದಕ್ಕೆ ಆರು. ನೀವು ಸ್ಪ್ಲಿಟ್ ಮಾಡಿ ಐದನ್ನೂ ಬೇರೆ ಬೇರೆ ಟೆಕ್ಸ್ಟ್ ಮಾಡಿದ್ದೀರಿ. ಒಂಟಿ ಹಲಂತಕ್ಕೆ ಕೂರಲು ಜಾಗ ಇಲ್ಲ, ಅದಕ್ಕೇ ಚುಕ್ಕಿಗಳ ಬಳೆಯೊಂದು ಕಾಣುತ್ತದೆ. ‘ಸೂರ್ಯ’ದಲ್ಲಿ ಇನ್ನೂ ಕಷ್ಟ. ಕಡತದಲ್ಲಿ ರ ಮೊದಲು, ಯ ಆಮೇಲೆ. ಪರದೆಯಲ್ಲಿ ಯ ಮೊದಲು, ಅರ್ಕಾವೊತ್ತು ಆಮೇಲೆ. ಅವೆರಡನ್ನು ಕತ್ತರಿಸಿದರೆ ಯಾವ ಫಾಂಟೂ ಜೋಡಿಸಿಕೊಡಲಾರದು.

ಪದವನ್ನು ಅಕ್ಷರಗಳಾಗಿ ಬಿಡಿಸಿಕೊಡುವ, ಬ್ರೌಸರಿನದೇ ಆದ ಇಂಟಲ್ ಸೆಗ್ಮೆಂಟರ್ ಬಳಸಿ ಎಂದು ಎಲ್ಲರೂ ಹೇಳುತ್ತಾರೆ. ಕ್ರೋಮ್, ಸಫಾರಿಯಲ್ಲಿ ಕೆಲವು ವರ್ಷಗಳಿಂದ ಇದೆ, ಫೈರ್‌ಫಾಕ್ಸಿಗೆ 2024ರಲ್ಲಿ ಬಂತು. ಒಳ್ಳೆಯದೇ. ಕಾ, ಕಿ, ಕೂ ಎಲ್ಲವನ್ನೂ ಸರಿಯಾಗಿ ಹಿಡಿಯುತ್ತದೆ. ಆದರೆ ಕನ್ನಡದ ಒತ್ತಕ್ಷರವನ್ನು ಹಿಡಿಯುವುದಿಲ್ಲ. ನಾನು ಬಳಸುವ ಬ್ರೌಸರುಗಳಲ್ಲಿ ‘ಅಕ್ಷರ’ ಕೊಟ್ಟರೆ ಅ, ಕ್, ಷ, ರ ಎಂದು ನಾಲ್ಕು ತುಂಡು ಕೊಡುತ್ತದೆ. ಅದರ ಮೇಲೆ ನಾವೇ ಒಂದು ನಿಯಮ ಸೇರಿಸಬೇಕು: ಒಂದು ತುಂಡು ಹಲಂತದಲ್ಲಿ ಮುಗಿದು, ಮುಂದಿನದು ಕನ್ನಡದ ವ್ಯಂಜನದಿಂದ ಶುರುವಾದರೆ ಎರಡನ್ನೂ ಕೂಡಿಸು. ಅಷ್ಟೇ. ಕ್, ಷ ಸೇರಿ ಕ್ಷ ಆಗುತ್ತದೆ. ಸ್, ತ್, ರೀ ಸೇರಿ ಸ್ತ್ರೀ ಆಗುತ್ತದೆ. ‘ಬಸ್ ಸ್ಟ್ಯಾಂಡ್’ನಲ್ಲಿ ಬಸ್ ಆದ ಮೇಲೆ ಖಾಲಿ ಜಾಗ ಇದೆ, ಹಾಗಾಗಿ ಕೂಡುವುದಿಲ್ಲ. ‘ಸಾಫ್ಟ್‌ವೇರ್’ನಲ್ಲಿ ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಜೋಡಕ-ತಡೆ ಕೂತಿರುತ್ತದೆ. ಆಗ ತುಂಡು ಹಲಂತದಲ್ಲಿ ಮುಗಿಯುವುದೇ ಇಲ್ಲ, ಅದೂ ಕೂಡುವುದಿಲ್ಲ. ಯಾರಾದರೂ ಆ ತಡೆ ಹಾಕದೆ ಟೈಪ್ ಮಾಡಿದ್ದರೆ ವ ಒತ್ತಾಗಿ ಕೆಳಗೆ ಹೋಗಿರುತ್ತದೆ. ಅದು ಟೈಪಿಂಗಿನ ತಪ್ಪು, ಪದಪಟ್ಟಿಯಲ್ಲೇ ತಿದ್ದಬೇಕು.

ಪ್ರತಿ ಅಕ್ಷರವನ್ನೂ ಬೇರೆ ಟೆಕ್ಸ್ಟ್ ಟ್ಯಾಗ್ ಮಾಡಿ. ಒಂದೇ ಟೆಕ್ಸ್ಟಿಗೆ ಎಕ್ಸ್ ಬೆಲೆಗಳ ಪಟ್ಟಿ ಕೊಡುವ ದಾರಿ ಕನ್ನಡಕ್ಕೆ ಬೇಡ. ಆ ಪಟ್ಟಿ ನಡೆಯುವುದು ಕಂಪ್ಯೂಟರಿನ ಎಣಿಕೆಯಲ್ಲಿ, ನಮ್ಮ ಎಣಿಕೆಯಲ್ಲಿ ಅಲ್ಲ. ಗೆಟ್ ಕಂಪ್ಯೂಟೆಡ್ ಟೆಕ್ಸ್ಟ್ ಲೆಂತಿನಿಂದ ಒಂದೊಂದರ ಅಗಲ ಅಳೆದು ಪಕ್ಕಪಕ್ಕ ಇಡಿ. ಅಳೆಯುವ ಮೊದಲು ಡಾಕ್ಯುಮೆಂಟ್ ಫಾಂಟ್ಸ್ ರೆಡಿ ಆಗುವವರೆಗೆ ಕಾಯಿರಿ. ಇಲ್ಲದಿದ್ದರೆ ಯಾವುದೋ ಫಾಂಟಿನ ಅಗಲ ಅಳೆದು, ಆಮೇಲೆ ನೋಟೋ ಸಾನ್ಸ್ ಕನ್ನಡ ಬಂದಾಗ ಅಕ್ಷರಗಳು ಒಂದರ ಮೇಲೊಂದು ಏರುತ್ತವೆ. ಚಿತ್ರ ಪುಟದೊಳಗೇ ಇರಲಿ, ಆಗ ಪುಟದ ಫಾಂಟ್ ಅದಕ್ಕೂ ಸಿಗುತ್ತದೆ.

ಬೀಳುವಾಗ ಅಕ್ಷರ ಗಿರ್ರನೆ ತಿರುಗಬೇಕು ಎಂದೂ ಕೇಳಿದ್ದೀರಿ. ಎಸ್‌ವಿಜಿಯಲ್ಲಿ ತಿರುಗುವುದು ಅಕ್ಷರದ ನಡುವಿನಿಂದ ಅಲ್ಲ, ಚಿತ್ರದ ಮೇಲಿನ ಎಡ ಮೂಲೆಯಿಂದ. ಹಾಗಾಗಿ ಅಕ್ಷರ ಪರದೆ ಬಿಟ್ಟೇ ಹೋಗುತ್ತದೆ. ಟ್ರಾನ್ಸ್‌ಫಾರ್ಮ್-ಬಾಕ್ಸ್ ಫಿಲ್-ಬಾಕ್ಸ್, ಟ್ರಾನ್ಸ್‌ಫಾರ್ಮ್-ಒರಿಜಿನ್ ಸೆಂಟರ್, ಈ ಎರಡು ಸಾಲು ಸ್ಟೈಲಿನಲ್ಲಿ ಕೊಡಿ.

ಮುಗಿದ ಮೇಲೆ ಈ ನಾಲ್ಕನ್ನು ಬೀಳಿಸಿ ನೋಡಿ: ಸ್ತ್ರೀ, ಸೂರ್ಯ, ಸಾಫ್ಟ್‌ವೇರ್, ಬಸ್ ಸ್ಟ್ಯಾಂಡ್. ಒಂದು ಐಫೋನಿನಲ್ಲಿ, ಒಂದು ಆಂಡ್ರಾಯ್ಡಿನಲ್ಲಿ, ಒಂದು ಫೈರ್‌ಫಾಕ್ಸಿನಲ್ಲಿ. ‘ಸ್ತ್ರೀ’ ಎಲ್ಲ ಕಡೆ ಒಂದೇ ತುಂಡಾಗಿ ಬಿದ್ದರೆ ಮಕ್ಕಳ ಕೈಗೆ ಕೊಡಿ.